ಮುಂಗಡ, ತೂಕ, ದರ: ಕುಮಟಾ–ಹೊನ್ನಾವರ–ಭಟ್ಕಳ ಕರಾವಳಿಯ ಪೂರೈಕೆ ಸರಪಳಿಗಳು

ಬೆಳೆದವನ ಅಂಗಳದಿಂದ ಬಳಸುವವನ ಮನೆಯವರೆಗೆ ಸರಕನ್ನು ಕೈಯಿಂದ ಕೈಗೆ ದಾಟಿಸುವ ಎಲ್ಲರ ಸಾಲಿಗೆ ಪೂರೈಕೆ ಸರಪಳಿ ಎಂದು ಹೆಸರು. ಈ ಸಾಲಿನಲ್ಲಿ ಸರಕು ಮುಂದಕ್ಕೆ ಹೋಗುತ್ತದೆ, ಹಣ ಹಿಂದಕ್ಕೆ ಬರುತ್ತದೆ. ಮೂರನೆಯದು ಸುದ್ದಿ. ಎಂಥ ಮಾಲು ಬೇಕು, ಎಷ್ಟು ಬೇಕು, ದರವೇನು, ಈ ಸಲದ ಬೆಳೆ ಹೇಗಿದೆ ಎಂಬ ಸುದ್ದಿ ಎರಡೂ ಕಡೆಗೆ ಓಡಾಡಬೇಕು. ಸರಪಳಿ ಕೆಡುವುದು ಹೆಚ್ಚಾಗಿ ಸರಕಿನ ದೋಷದಿಂದಲ್ಲ. ಹಣ ತಡವಾಗಿ ಬರುವುದರಿಂದ, ಸುದ್ದಿ ಬಾರದೇ ಇರುವುದರಿಂದ. ಕೊಳ್ಳುವವನು ಒದಗಿಸುವವನೊಡನೆ ಸೇರಿ ಕೆಲಸ ಮಾಡುವುದೆಂದರೆ ಮೂರು ಪ್ರಶ್ನೆಗಳಿಗೆ ಇಬ್ಬರಿಗೂ ಒಪ್ಪಿಗೆಯಾಗುವ ಉತ್ತರ ಸಿಗುವಂತೆ ಮಾಡುವುದು: ಹಣ ಯಾವಾಗ ಕೈಸೇರುತ್ತದೆ, ತೂಕ ಮತ್ತು ಗುಣ ಯಾರ ಕಣ್ಣೆದುರು ನಿಷ್ಕರ್ಷೆಯಾಗುತ್ತದೆ, ಮುಂದಿನ ವರ್ಷವೂ ಈ ಗಿರಾಕಿ ಇರುತ್ತಾನೆಯೇ. ಈಚಿನ ಪಠ್ಯಪುಸ್ತಕಗಳು ಈ ವಿಷಯವನ್ನು ಜಪಾನಿನ ಕಾರು ಕಾರ್ಖಾನೆಗಳಿಂದ ಆರಂಭಿಸುವುದುಂಟು. ಉತ್ತರ ಕನ್ನಡದ ದಕ್ಷಿಣ ಕರಾವಳಿಯಲ್ಲಿ ಇದರ ದಾಖಲೆ ನಾನ್ನೂರು ವರ್ಷಕ್ಕೂ ಹಿಂದಿನದು, ಗೆಲುವಿಗಿಂತ ಸೋಲುಗಳದೇ ಹೆಚ್ಚು.

ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಮೂಲತಃ ಘಟ್ಟದ ಮೇಲಿನ ಸರಕಿಗೆ ಬಾಗಿಲುಗಳು. ಮೆಣಸು, ಅಡಿಕೆ, ಏಲಕ್ಕಿ, ಅಕ್ಕಿ ಶಿರಸಿ, ಬಿಳಗಿ, ಸಿದ್ದಾಪುರದ ಕಡೆಯಿಂದ ಇಳಿಯುತ್ತಿದ್ದವು. ಹತ್ತಿ ಇನ್ನೂ ಆಚೆಯ ಧಾರವಾಡ ಸೀಮೆಯ ಎರೆ ಹೊಲಗಳಿಂದ ಬರುತ್ತಿತ್ತು. ಗೇರುಸೊಪ್ಪೆಯಿಂದ ಹೊನ್ನಾವರದವರೆಗೆ ಶರಾವತಿಯಲ್ಲಿ ದೋಣಿ ಸಾಗುತ್ತಿದ್ದುದರಿಂದ ಹೊನ್ನಾವರಕ್ಕೆ ಒಂದು ಅನುಕೂಲವಿತ್ತು. ಕುಮಟೆಗೆ ಅದಿಲ್ಲ. ಅಲ್ಲಿನ ಬಂದರು ಬಯಲು ಸಮುದ್ರಕ್ಕೆ ಮುಖಮಾಡಿದ್ದು, ಹಡಗುಗಳು ದೂರದಲ್ಲಿ ಲಂಗರು ಹಾಕಬೇಕು, ಸಣ್ಣ ದೋಣಿಗಳಲ್ಲಿ ಮಾಲು ಒಯ್ಯಬೇಕು. ಮೂರಕ್ಕೂ ಸಮಾನವಾದದ್ದು ಮಳೆಗಾಲ. ಜೂನ್ ಹಿಡಿದರೆ ಕಡಲು ಮುಚ್ಚಿತು, ನಾಲ್ಕು ತಿಂಗಳು ಪತ್ತೆಮಾರಿ ಹಾಯಿಹಡಗುಗಳಿಗೆ ವಿರಾಮ. ಮೇ ತಿಂಗಳೊಳಗೆ ಹಡಗು ಹತ್ತದ ಮಾಲು ವಖಾರಿಯಲ್ಲಿ ತೇವ ಹಿಡಿದು ಕೂರಬೇಕು. ಈ ಗಡುವು ವ್ಯಾಪಾರಿಯ ಕೈಯಲ್ಲಿ ಒಳ್ಳೆಯ ಆಯುಧವಾಗಿತ್ತು: ಏಪ್ರಿಲ್ ಕೊನೆಯಲ್ಲಿ ಹೇರು ಇಳಿಸಿದವನು ಹೇಳಿದ ದರಕ್ಕೆ ಒಪ್ಪದೆ ಬೇರೆ ದಾರಿಯಿರಲಿಲ್ಲ.

ಮೆಣಸಿನ ವ್ಯವಹಾರ ಇದಕ್ಕೆ ಒಂದು ಅಪವಾದ. 16ನೇ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. 1569ರಲ್ಲಿ ಅವರು ಹೊನ್ನಾವರವನ್ನು ಹಿಡಿದು ಕೋಟೆಯಲ್ಲಿ ನೆಲೆಯೂರಿದರು. ಕೋಟೆಯ ಮುಖ್ಯ ಉದ್ದೇಶ ಮೆಣಸೇ. ಆದರೆ ಕೋಟೆ ಕಟ್ಟಿ ಕೂತ ಮಾತ್ರಕ್ಕೆ ಮೆಣಸು ಬರಲಿಲ್ಲ. 1580ರ ದಶಕದಲ್ಲಿ ಗೋವೆಯಲ್ಲಿದ್ದ ಡಚ್ಚ ಲಿನ್‌ಸ್ಕೋಟೆನ್ ಇಲ್ಲಿನ ಕರಾರನ್ನು ಬರೆದಿಟ್ಟಿದ್ದಾನೆ. ಭಟ್ಕಳದ ರಾಣಿ ಎಂದು ಅವನು ಗುರುತಿಸುವ ಒಡತಿ ಮೆಣಸನ್ನು ಹೊನ್ನಾವರದ ಪೋರ್ಚುಗೀಸ್ ಗುಮಾಸ್ತನಿಗೆ ಒಪ್ಪಿಸುತ್ತಿದ್ದಳು, ಆದರೆ ಹಣ ಆರು ತಿಂಗಳು ಮೊದಲೇ ಸಂದಿರಬೇಕಿತ್ತು. ಇಲ್ಲದಿದ್ದರೆ ಮೆಣಸಿಲ್ಲ.

ಈ ಆರು ತಿಂಗಳ ಲೆಕ್ಕ ಬರಿಯ ರಾಜಗತ್ತಲ್ಲ. ಕರಿಮೆಣಸು ಮಳೆ ಬಿದ್ದಮೇಲೆ ಜೂನ್–ಜುಲೈನಲ್ಲಿ ಕರೆ ಬಿಡುತ್ತದೆ, ಕೊಯ್ಲು ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಕೊಯ್ಲಿಗೆ ಆರು ತಿಂಗಳು ಹಿಂದೆ ಎಂದರೆ ಮಳೆಗಾಲ, ತೋಟಿಗನ ಕೈ ಬರಿದಾಗಿರುವ ಕಾಲ. ಆಗ ಬಂದ ಹಣ ಕೆಳಗಿನವರೆಗೂ ಎಷ್ಟು ಇಳಿಯಿತೆಂಬುದು ಬೇರೆ ಮಾತು, ಆದರೆ ಕರಾರಿನ ರಚನೆ ಬೆಳೆಯ ಕ್ರಮಕ್ಕೆ ಹೊಂದಿತ್ತು. ಕೊಚ್ಚಿಯಲ್ಲಿ ಪೋರ್ಚುಗೀಸರು ಮಾಡಿದ್ದನ್ನು ಇದರೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಶತಮಾನದ ಆರಂಭದಲ್ಲಿ ಗೊತ್ತುಮಾಡಿದ ದರವನ್ನೇ ದಶಕಗಟ್ಟಲೆ ಹಿಡಿದು ಕೂತರು. ಪೇಟೆ ಏರಿತು, ಒಪ್ಪಂದದ ದರ ಏರಲಿಲ್ಲ. ಬೆಳೆಗಾರ ಒಳ್ಳೆಯ ಮೆಣಸನ್ನು ಘಟ್ಟ ದಾಟಿಸಿ ಬೇರೆಯವರಿಗೆ ಮಾರಿದ, ಪೋರ್ಚುಗೀಸರ ತಕ್ಕಡಿಗೆ ಹಸಿ ಮೆಣಸನ್ನೂ ಮಣ್ಣು ಬೆರೆತದ್ದನ್ನೂ ತಂದ. ಲಿಸ್ಬನ್ ತಲುಪುವ ಹೊತ್ತಿಗೆ ಅದು ಒಣಗಿ ತೂಕ ಕಳೆದುಕೊಂಡಿರುತ್ತಿತ್ತು. ದರ ಕಟ್ಟಿಹಾಕಿದವನಿಗೆ ಗುಣ ಸಿಗಲಿಲ್ಲ.

ಗೇರುಸೊಪ್ಪೆ ಕೆಳದಿ ನಾಯಕರ ಕೈಸೇರಿದ ಮೇಲೆ ಮೆಣಸಿನ ಕರಾರು ಇಕ್ಕೇರಿಯ ಅರಮನೆಯ ವ್ಯವಹಾರವಾಯಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯ ರಾಯಭಾರಿಯೊಡನೆ ಹೊನ್ನಾವರ, ಗೇರುಸೊಪ್ಪೆ ಹಾದು ವೆಂಕಟಪ್ಪ ನಾಯಕನ ಬಳಿಗೆ ಹೋದ. 1637ರಲ್ಲಿ ಕೋರ್ಟೀನ್ ಕಂಪನಿಯ ಇಂಗ್ಲಿಷರು ಭಟ್ಕಳಕ್ಕೆ ಬಂದಿಳಿದರು. ಅವರೊಡನಿದ್ದ ಪೀಟರ್ ಮಂಡಿ ಇಕ್ಕೇರಿ ಪ್ರಯಾಣದ ವಿವರ ಬರೆದಿದ್ದಾನೆ. ವೀರಭದ್ರ ನಾಯಕನ ಒಪ್ಪಿಗೆ ಸಿಕ್ಕಿತು, ಕೋಠಿ ತೆರೆಯಿತು, ಆದರೆ ಹೆಚ್ಚು ಕಾಲ ಬಾಳಲಿಲ್ಲ. ವರ್ಷವರ್ಷವೂ ಹಡಗು ಕಳಿಸುವಷ್ಟು ಬಂಡವಾಳ ಆ ಕಂಪನಿಗೆ ಇರಲಿಲ್ಲ. ಒದಗಿಸುವವನಿಗೆ ಬೇಕಾದ ಮೊದಲ ಭರವಸೆ ಗಿರಾಕಿ ಮತ್ತೆ ಬರುತ್ತಾನೆಂಬುದು.

ಈ ಭರವಸೆಯ ಕೊರತೆ ಎಷ್ಟು ದುಬಾರಿ ಎಂಬುದಕ್ಕೆ 19ನೇ ಶತಮಾನದ ಹತ್ತಿಗಿಂತ ಒಳ್ಳೆಯ ಉದಾಹರಣೆ ಈ ಕರಾವಳಿಯಲ್ಲಿ ಇಲ್ಲ. ಲಿವರ್‌ಪೂಲಿನ ಪೇಟೆಯಲ್ಲಿ ಒಂದು ಬಗೆಯ ಹತ್ತಿಗೆ ಕುಮಟಾ ಎಂದೇ ಹೆಸರು. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಧಾರವಾಡ, ಹುಬ್ಬಳ್ಳಿ, ಗದಗಿನ ಜವಾರಿ ಹತ್ತಿ ಈ ಬಂದರಿನಿಂದ ಹಡಗು ಹತ್ತುತ್ತಿತ್ತು, ಅಷ್ಟೆ. ಹುಬ್ಬಳ್ಳಿಯಿಂದ ಶಿರಸಿ ಮೇಲಾಗಿ ಕುಮಟೆಗೆ ಸುಮಾರು 160 ಕಿಲೋಮೀಟರು. ಮೊದಲು ಎತ್ತಿನ ಹೇರು, ದೇವಿಮನೆ ಘಟ್ಟದ ರಸ್ತೆಯಾದ ಮೇಲೆ ಗಾಡಿ. ಹೇರು ಹೊತ್ತ ಎತ್ತುಗಳು ದಾರಿಯುದ್ದಕ್ಕೂ ಪೊದೆಗಳಿಗೆ ಉಜ್ಜಿಕೊಂಡು ನಡೆಯುತ್ತಿದ್ದವು. ರಾತ್ರಿ ಹೇರನ್ನು ನೆಲಕ್ಕಿಳಿಸಿದರೆ ಬೆಳಗ್ಗೆ ಅದರಲ್ಲಿ ಇಬ್ಬನಿಯೂ ಧೂಳೂ ಸೇರಿರುತ್ತಿತ್ತು. ಕುಮಟೆಯ ವಖಾರಿಗಳಲ್ಲಿ ಮುಂಬಯಿ ವ್ಯಾಪಾರಿಗಳ ಆಳುಗಳು ಕೊಂಡು ಪತ್ತೆಮಾರಿಗೆ ಏರಿಸುತ್ತಿದ್ದರು. ಮುಂಬಯಿಯಲ್ಲಿ ಮತ್ತೆ ಒತ್ತಿ ಗಟ್ಟಿ ಬೇಲು ಮಾಡಿ ವಿಲಾಯತಿಗೆ ಕಳಿಸುತ್ತಿದ್ದರು.

ಇಡೀ ಸರಪಳಿಯಲ್ಲಿ ಬೆಳೆದವನೂ ನೂತವನೂ ಎಲ್ಲಿಯೂ ಎದುರಾಗುವುದಿಲ್ಲ. ರೈತ ಕಂದಾಯದ ಕಂತಿಗೋ ಬಿತ್ತನೆಗೋ ಊರಿನ ಸಾಹುಕಾರನಿಂದ ಹಣ ತಂದಿರುತ್ತಿದ್ದ, ಬೆಳೆ ಹೊಲದಲ್ಲಿರುವಾಗಲೇ ಅದಕ್ಕೆ ಒಪ್ಪಂದವಾಗಿಬಿಡುತ್ತಿತ್ತು. ಅರಳೆ ಚೆನ್ನಾಗಿದ್ದರೂ ಅವನಿಗೆ ಒಂದೇ ದರ, ಕಸ ಕೂಡಿದ್ದರೂ ಅದೇ. ಹೀಗಿರುವಾಗ ಗಿಡದಲ್ಲಿ ಒಣಗಿದ ಎಲೆ ಸೇರದಂತೆ ಬಿಡಿಸುವುದಕ್ಕೆ ಕೂಲಿ ಹೆಚ್ಚು ಕೊಡುವ ಕಾರಣವೇ ಅವನಿಗಿಲ್ಲ. ಸಾಹುಕಾರ ತೂಕಕ್ಕಾಗಿ ಹತ್ತಿಕಾಳು ಬೆರೆಸಿದ, ಹುಬ್ಬಳ್ಳಿಯ ವ್ಯಾಪಾರಿ ನೀರು ಚಿಮುಕಿಸಿದ, ಬಂದರಿನಲ್ಲಿ ಹಳೆಯ ಹತ್ತಿಗೆ ಹೊಸದು ಕೂಡಿತು. ಒಬ್ಬೊಬ್ಬನ ಮಟ್ಟಿಗೆ ಇದೆಲ್ಲ ಲೆಕ್ಕಕ್ಕೆ ಸರಿಯಾದದ್ದೇ. ಮಾಲು ಮುಂದಿನ ಕೈಗೆ ದಾಟಿದೊಡನೆ ಹೊಣೆ ಮುಗಿಯುತ್ತಿತ್ತು.

ಸರ್ಕಾರ ಇದಕ್ಕೆ ಕಂಡುಕೊಂಡ ಮದ್ದು ಶಿಕ್ಷೆ. ಮುಂಬಯಿ ಪ್ರಾಂತದಲ್ಲಿ 1829ರಲ್ಲೇ ಹತ್ತಿಯ ಕಲಬೆರಕೆ ವಿರುದ್ಧ ನಿಬಂಧನೆ ಬಂತು. ಅದು ಸಾಲದೆ 1863ರಲ್ಲಿ ಹೊಸ ಕಾಯಿದೆ ಬಂತು: ಇನ್ಸ್‌ಪೆಕ್ಟರುಗಳು ನೇಮಕವಾದರು, ಅವರ ಸಂಬಳಕ್ಕಾಗಿ ಹತ್ತಿಯ ಮೇಲೆ ಶುಲ್ಕ ಬಿತ್ತು. ಹೀಗೆ ತಪಾಸಣೆಯ ಖರ್ಚು ಕೊನೆಗೆ ಬೆಳೆಗಾರನ ದರದಿಂದಲೇ ಕಡಿತವಾಯಿತು. ಮುಂಬಯಿ ವ್ಯಾಪಾರಿಗಳಿಗೂ ಅದು ಬೇಡವಾಗಿತ್ತು. 1880ರ ದಶಕದ ಆರಂಭದಲ್ಲಿ ಆ ವ್ಯವಸ್ಥೆಯನ್ನೇ ಕೈಬಿಟ್ಟರು. ಅರ್ಧ ಶತಮಾನದ ಕಾಯಿದೆಗಳಲ್ಲಿ ಒಂದೂ ಒಳ್ಳೆಯ ಹತ್ತಿಗೆ ಹೆಚ್ಚಿನ ದರ ಕೊಡಿಸಲಿಲ್ಲ. ಕೆಟ್ಟದ್ದಕ್ಕೆ ದಂಡ ಹಾಕುವುದರಲ್ಲೇ ಎಲ್ಲ ಮುಗಿಯಿತು.

ಬೆಳೆಯನ್ನೇ ಬದಲಾಯಿಸುವ ಯತ್ನವೂ ನಡೆಯಿತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಕರೆತಂದಿತು. ಅವರಲ್ಲಿ ಕೆಲವರು ಹುಬ್ಬಳ್ಳಿಯ ಬಳಿಯ ಕುಸುಗಲ್ಲಿನಲ್ಲಿ ಪ್ರಯೋಗ ಮಾಡಿದರು. ವಿಲಾಯತಿ ಹತ್ತಿ ಎಂದು ಜನ ಕರೆದ ಧಾರವಾಡ–ಅಮೆರಿಕನ್ ತಳಿ ನೆಲೆಯೂರಿದ್ದು ಹೀಗೆ. ಜವಾರಿ ಹತ್ತಿಯನ್ನು ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ಕಾಳು ಬಿಡಿಸುತ್ತಿದ್ದರು. ವಿಲಾಯತಿ ಕಾಳಿಗೆ ಎಳೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅದಕ್ಕೆ ಗರಗಸದ ಹಲ್ಲಿನ ಜಿನ್ನು ಬೇಕಾಯಿತು. ಅವುಗಳ ತಯಾರಿಕೆ ಮತ್ತು ದುರಸ್ತಿಗೆ ಧಾರವಾಡದಲ್ಲಿ ಸರ್ಕಾರವೇ ಕಾರ್ಖಾನೆ ನಡೆಸಿತು. ಇಲ್ಲಿಯವರೆಗೆ ಕೆಲಸ ಸರಿಯಾದ ದಾರಿಯಲ್ಲೇ ಇತ್ತು. ಬೀಜ ಕೊಟ್ಟರು, ಯಂತ್ರ ಕೊಟ್ಟರು, ಕಲಿಸಿದರು. ಆದರೆ ಕೊಳ್ಳುವವನು ಮಾತ್ರ ಬರಲಿಲ್ಲ. ಜಿನ್ನು ಕೈಗೆ ಸಿಕ್ಕಮೇಲೆ ವ್ಯಾಪಾರಿಗಳು ಜವಾರಿ ಹತ್ತಿಯನ್ನೂ ಅದಕ್ಕೇ ಹಾಕಿ, ವಿಲಾಯತಿಗೆ ಬೆರೆಸಿ ಮಾರಿದರು. ಒಳ್ಳೆಯದಾಗಿ ಬಂದ ಎಳೆ ಹಲ್ಲಿಗೆ ಸಿಕ್ಕಿ ತುಂಡಾಯಿತು.

ಕೊಳ್ಳುವವರ ಕಡೆಯ ಕತೆ ಇನ್ನೂ ವಿಚಿತ್ರ. ಮ್ಯಾಂಚೆಸ್ಟರಿನ ಗಿರಣಿಗಾರರು 1857ರಲ್ಲಿ ಹತ್ತಿ ಪೂರೈಕೆ ಸಂಘ ಕಟ್ಟಿದರು, 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹುಟ್ಟಿತು. ಮಧ್ಯವರ್ತಿಗಳನ್ನು ಬಿಟ್ಟು ಧಾರವಾಡದ ರೈತನಿಂದ ನೇರವಾಗಿ ಕೊಳ್ಳುವುದು, ಕಾರವಾರದ ಬಳಿ ಕಾಳಿ ನದಿಯ ದಡದ ಸದಾಶಿವಗಡದಲ್ಲೇ ಒತ್ತಿ ಹಡಗಿಗೇರಿಸುವುದು ಅದರ ಯೋಜನೆ. ಕಂಪನಿಯ ಕಾರ್ಯದರ್ಶಿ ಹೇವುಡ್ ಖುದ್ದಾಗಿ ಬಂದು ಹತ್ತಿ ಸೀಮೆ ನೋಡಿದ. ಬಂದರನ್ನು ಬೆಳೆಸಲೆಂದೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಜಿಲ್ಲೆಯ ಗಡಿಯನ್ನೇ ಒಂದು ಪೂರೈಕೆ ಸರಪಳಿ ಬದಲಾಯಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ. ಒತ್ತುವ ಯಂತ್ರಗಳು ಹಡಗಿನಲ್ಲಿ ಬಂದಾಗ ಧಕ್ಕೆಯೂ ರಸ್ತೆಯೂ ಸಿದ್ಧವಾಗಿರಲಿಲ್ಲ. ತಪ್ಪು ಸರ್ಕಾರದ್ದೆಂದು ಕಂಪನಿ ದೂರಿತು. ಅದರಲ್ಲಿ ನಿಜವಿದೆ. ಆದರೆ ರಸ್ತೆ ಇಲ್ಲದಿದ್ದಾಗಲೂ ಕುಮಟೆಯ ಸಣ್ಣ ವ್ಯಾಪಾರಿಗಳು ಎತ್ತಿನ ಮೇಲೆ ಹತ್ತಿ ತರಿಸುತ್ತಲೇ ಇದ್ದರು. ಕೆಲವೇ ವರ್ಷದಲ್ಲಿ ಕಂಪನಿ ಮುಚ್ಚಿತು.

ಅಮೆರಿಕದ ಅಂತರ್ಯುದ್ಧ 1861ರಿಂದ 1865ರವರೆಗೆ ಅಲ್ಲಿನ ಹತ್ತಿಯನ್ನು ತಡೆದಾಗ ಕುಮಟೆಗೆ ಸುಗ್ಗಿ ಬಂತು. ಹತ್ತಿ ಏನಿದ್ದರೂ ಮಾರಾಟವಾಗುತ್ತಿತ್ತು, ಆದ್ದರಿಂದ ಕಲಬೆರಕೆಯೂ ಮೇರೆ ಮೀರಿತು. ಯುದ್ಧ ನಿಂತೊಡನೆ ಮ್ಯಾಂಚೆಸ್ಟರ್ ಅಮೆರಿಕದ ಹತ್ತಿಗೆ ಮರಳಿತು, ದರ ಕುಸಿಯಿತು, ಮುಂಬಯಿಯ ಸಟ್ಟಾ ಕಂಪನಿಗಳು ಮುಳುಗಿದವು. ಬೇರೆಲ್ಲೂ ಸಿಗದಾಗ ಮಾತ್ರ ಬಾಗಿಲಿಗೆ ಬರುವ ಗಿರಾಕಿಗಾಗಿ ಯಾವ ರೈತನೂ ಹೊಲದ ಪದ್ಧತಿ ಬದಲಿಸುವುದಿಲ್ಲ. ಭಾರತದ ರೈತ ಜಡ, ಹೊಸದನ್ನು ಒಪ್ಪದವನು ಎಂದು ಅಂದಿನ ಇಂಗ್ಲಿಷ್ ವರದಿಗಳು ಬರೆದವು. ಆ ರೈತನ ಲೆಕ್ಕಾಚಾರ ವರದಿಗಾರರದ್ದಕ್ಕಿಂತ ಚುರುಕಾಗಿತ್ತು ಎನ್ನದೆ ವಿಧಿಯಿಲ್ಲ.

1880ರ ದಶಕದ ಕೊನೆಗೆ ರೈಲು ಹುಬ್ಬಳ್ಳಿಯನ್ನು ಮುರಗಾಂವ್ ಬಂದರಿಗೆ ಜೋಡಿಸಿತು, ಕುಮಟೆಯ ಹತ್ತಿ ವ್ಯಾಪಾರ ಇಳಿಮುಖವಾಯಿತು. ಕುಮಟಾ ಹತ್ತಿ ಸುಧಾರಿಸಿದ್ದು ಆಮೇಲೆ, ಹೆಸರು ಮಾತ್ರ ಉಳಿದು ಊರು ಸರಪಳಿಯಿಂದ ಹೊರಬಿದ್ದ ಮೇಲೆ. 20ನೇ ಶತಮಾನದ ಎರಡನೇ ದಶಕದಲ್ಲಿ ಹುಬ್ಬಳ್ಳಿ, ಗದಗಗಳಲ್ಲಿ ಹತ್ತಿ ಮಾರಾಟ ಸಹಕಾರಿ ಸಂಘಗಳು ಹುಟ್ಟಿದವು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಪತ್ತಿನ ಸಂಘ ಆರಂಭವಾಗಿದ್ದ ಸೀಮೆ ಅದು. ಧಾರವಾಡದ ಕೃಷಿ ಇಲಾಖೆಯಲ್ಲಿ ಕೊಟ್ಟೂರ ಅವರು ಜವಾರಿ ಕುಮಟಾ ಹತ್ತಿಯಿಂದಲೇ ಆಯ್ದು ಉತ್ತಮ ತಳಿಗಳನ್ನು ಬೆಳೆಸಿದರು. ಜಯವಂತ ತಳಿ ಆ ಕೆಲಸದ ಫಲ. ಸಂಘ ಶುದ್ಧ ಬೀಜ ಹಂಚಿತು, ಬೆಳೆದವನ ಹೆಸರಿನಲ್ಲೇ ಹತ್ತಿಯನ್ನು ಬೇರೆಯಾಗಿ ಇಟ್ಟಿತು, ದರ್ಜೆ ಮಾಡಿ ಬಹಿರಂಗ ಹರಾಜಿನಲ್ಲಿ ಮಾರಿತು, ಹರಾಜಿಗೆ ಮೊದಲೇ ಮಾಲಿನ ಆಧಾರದ ಮೇಲೆ ಮುಂಗಡ ಕೊಟ್ಟಿತು. ಸ್ವಚ್ಛ ಹತ್ತಿಗೆ ಹೆಚ್ಚಿನ ದರ ಬಂದದ್ದು ಬೆಳೆದವನ ಖಾತೆಗೇ ಹೋಯಿತು. 1829ರಿಂದ ಕಾಯಿದೆಗಳು ಮಾಡಲಾರದ್ದು ಇಲ್ಲಿ ಆಯಿತು. 1920ರ ದಶಕದಲ್ಲಿ ಹತ್ತಿ ಸಾಗಣೆ, ಜಿನ್ನಿಂಗ್ ಮತ್ತು ಒತ್ತುವ ಕಾರ್ಖಾನೆಗಳ ಕಾಯಿದೆಗಳೂ ಬಂದವು. ಅವು ಸ್ವಲ್ಪ ಫಲ ಕೊಟ್ಟದ್ದು ಕೆಳಗೆ ಇಂಥ ಸಂಘಗಳು ಇದ್ದುದರಿಂದ.

ಜಪಾನಿನ ಉದಾಹರಣೆಯ ತೂಕ ತಿಳಿಯುವುದು ಇದರ ಪಕ್ಕದಲ್ಲಿಟ್ಟಾಗ. ಟೊಯೊಟಾ ತನಗೆ ಬಿಡಿಭಾಗ ಒದಗಿಸುವವರ ಸಂಘವನ್ನು 1943ರಿಂದ ಪೋಷಿಸಿತು. ತನ್ನ ಎಂಜಿನಿಯರುಗಳನ್ನು ಅವರ ಕಾರ್ಖಾನೆಗೆ ಕಳಿಸಿ ಕೆಲಸ ಸುಧಾರಿಸಿತು. 1997ರ ಫೆಬ್ರವರಿ 1ರಂದು ಬ್ರೇಕಿನ ಒಂದು ಕವಾಟ ತಯಾರಿಸುವ ಐಸಿನ್ ಕಾರ್ಖಾನೆ ಸುಟ್ಟುಹೋಯಿತು. ಟೊಯೊಟಾಕ್ಕೆ ಆ ಭಾಗ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು, ದಾಸ್ತಾನು ಒಂದು ದಿನಕ್ಕೂ ಸಾಲುತ್ತಿರಲಿಲ್ಲ. ಕಾರು ತಯಾರಿಕೆ ನಿಂತಿತು. ಬೇರೆ ಒದಗಿಸುವವರು, ಆ ಕವಾಟವನ್ನು ಹಿಂದೆಂದೂ ಮಾಡದವರು, ದರದ ಮಾತೆತ್ತದೆ ನಕ್ಷೆ ತರಿಸಿಕೊಂಡು ತಯಾರಿಸತೊಡಗಿದರು. ವಾರದೊಳಗೆ ಕಾರ್ಖಾನೆಗಳು ಮತ್ತೆ ನಡೆದವು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಸುತ್ತ ಬೆಳೆದ ಬಿಡಿಭಾಗದ ಕಾರ್ಖಾನೆಗಳ ಗುಂಪು ಇದೇ ಪದ್ಧತಿಯ ಕರ್ನಾಟಕದ ಕೊನರು.

ಆದರೆ ಕೊಳ್ಳುವವನು ಹತ್ತಿರ ಬಂದಮಾತ್ರಕ್ಕೆ ಸಹಕಾರವಾಗುವುದಿಲ್ಲ. ಕುಮಟೆಯ ಅಡಿಕೆ ಪೇಟೆಯಲ್ಲಿ ದಲಾಲಿ ಅಂಗಡಿಗಿಂತ ಬೆಳೆಗಾರನಿಗೆ ಹತ್ತಿರದವರು ಯಾರೂ ಇರಲಿಲ್ಲ. ಮದುವೆಗೆ, ಮಳೆಗಾಲದ ದಿನಸಿಗೆ, ಔಷಧಿ ಹೊಡೆಸುವ ಕೂಲಿಗೆ ಹಣ ಅಲ್ಲಿಂದಲೇ. ಬದಲಿಗೆ ಅಡಿಕೆಯನ್ನು ಆ ಅಂಗಡಿಗೇ ಹಾಕಬೇಕು, ತೂಕ ಅವರದ್ದು, ದರ ಅವರು ಹೇಳಿದ್ದು. ಇದೂ ಮುಂಗಡವೇ, ಮೆಣಸಿನ ರಾಣಿ ಪಡೆದದ್ದೂ ಮುಂಗಡವೇ. ರಾಣಿ ಕರಾರು ತಾನೇ ಹೇಳಿ ಹಣ ಎಣಿಸಿಕೊಂಡಳು, ಅಡಿಕೆ ಬೆಳೆಗಾರ ಬಾಕಿಯ ಕಟ್ಟಿನಲ್ಲಿ ಸಿಕ್ಕಿಕೊಂಡ.

ಈ ಕಟ್ಟನ್ನು ಬಿಚ್ಚಿದ್ದು ಶಿರಸಿಯಲ್ಲಿ 1923ರಲ್ಲಿ ಆರಂಭವಾದ ತೋಟಗಾರರ ಸಹಕಾರಿ ಮಾರಾಟ ಸಂಘ, ಜನರ ಬಾಯಲ್ಲಿ ಟಿ.ಎಸ್.ಎಸ್. ದಲಾಲಿ ಅಂಗಡಿ ಮಾಡುತ್ತಿದ್ದ ಎಲ್ಲ ಕೆಲಸವನ್ನೂ ಸಂಘ ಮಾಡಿತು: ಸಾಲ, ದಿನಸಿ, ಗೊಬ್ಬರ, ಅಡಿಕೆ ಇಡಲು ಜಾಗ. ಬದಲಾದದ್ದು ತಕ್ಕಡಿ ಮತ್ತು ಟೆಂಡರು. ರಾಶಿಯ ಮೇಲೆ ಹಲವು ವ್ಯಾಪಾರಿಗಳು ದರ ಬರೆಯುತ್ತಾರೆ, ಒಪ್ಪಿಗೆಯಾಗದಿದ್ದರೆ ಬೆಳೆಗಾರ ಕೊಡದೆ ಕಾಯಬಹುದು, ಕಾಯುವಷ್ಟು ದಿನಕ್ಕೆ ಅಡಿಕೆಯ ಅಡಮಾನದ ಮೇಲೆ ಸಾಲ ಸಿಗುತ್ತದೆ. 1966ರ ಕೃಷಿ ಮಾರುಕಟ್ಟೆ ಕಾಯಿದೆಯಿಂದ ಬಹಿರಂಗ ಮಾರಾಟ ಎಪಿಎಂಸಿ ಪ್ರಾಂಗಣಗಳ ನಿಯಮವೂ ಆಯಿತು. ಕುಮಟೆಯ ದರಪಟ್ಟಿಯಲ್ಲಿ ಹೊಸ ಚಾಲಿ, ಹಳೆ ಚಾಲಿ, ಚಿಪ್ಪು, ಕೋಕಾ, ಫ್ಯಾಕ್ಟರಿ ಎಂದು ಬೇರೆಬೇರೆ ಸಾಲುಗಳಿರುತ್ತವೆ. ಹಣ್ಣಡಿಕೆಯನ್ನು 40 ದಿನದ ಆಸುಪಾಸು ಬಿಸಿಲಿಗೆ ಹರವಿ, ಸುಲಿದು, ಒಡಕು–ಹಾಳನ್ನು ಮನೆಯಲ್ಲೇ ಬೇರೆ ಮಾಡಿದವನಿಗೆ ಆ ಶ್ರಮದ ಬೆಲೆ ಪಟ್ಟಿಯಲ್ಲೇ ಕಾಣುತ್ತದೆ. 19ನೇ ಶತಮಾನದ ಹತ್ತಿಗೆ ಇಂಥದೊಂದು ಪಟ್ಟಿ ರೈತನ ಕಣ್ಣಿಗೆ ಬಿದ್ದಿರಲಿಲ್ಲ.

1970ರ ಆಸುಪಾಸಿನ ಬೆಲೆ ಕುಸಿತದ ಹಿನ್ನೆಲೆಯಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಸ್ಥಾಪನೆಯಾದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದಿತು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಕೋಕೋ ಪ್ರಸಂಗ ಇಲ್ಲಿ ಮುಖ್ಯ. ಖಾಸಗಿ ಚಾಕಲೇಟು ಕಂಪನಿಯ ಉತ್ತೇಜನದಿಂದ ಅಡಿಕೆ ತೋಟದ ನಡುವೆ ಕೋಕೋ ನೆಟ್ಟವರು, ವಿಶ್ವದ ದರ ಬಿದ್ದು ಖರೀದಿ ಕುಗ್ಗಿದಾಗ ಗಿಡ ಕಡಿಯುವ ಸ್ಥಿತಿಗೆ ಬಂದರು. ಮ್ಯಾಂಚೆಸ್ಟರಿನ ಕತೆಯೇ ಮತ್ತೆ. ಕ್ಯಾಂಪ್ಕೊ ಹಸಿ ಬೀಜ ಕೊಳ್ಳತೊಡಗಿತು, 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕಲೇಟು ಕಾರ್ಖಾನೆ ತೆರೆಯಿತು. ಕೋಕೋದ ರುಚಿ ನಿರ್ಧಾರವಾಗುವುದು ಬೀಜ ಹುಳಿಯುವ ಐದಾರು ದಿನದಲ್ಲಿ. ಆ ಕೆಲಸವನ್ನು ಸಣ್ಣ ಬೆಳೆಗಾರನ ತಲೆಗೆ ಕಟ್ಟದೆ ಹಸಿ ಬೀಜವನ್ನೇ ಕೊಂಡು ಒಂದೆಡೆ ಹುಳಿಸಿದ್ದು ಜಾಣತನ: ಗುಣದ ಹೊಣೆ ಅದನ್ನು ನಿಭಾಯಿಸಬಲ್ಲವನ ಕೈಗೆ ಹೋಯಿತು.

ಸಮುದ್ರದ ಸರಕಿನಲ್ಲಿ ಇಂಥ ಏರ್ಪಾಡು ಇನ್ನೂ ಎಳೆಯದು. ಭಟ್ಕಳ, ಹೊನ್ನಾವರದ ಕಾಸರಕೋಡ, ಕುಮಟಾ ತಾಲೂಕಿನ ತದಡಿ ಧಕ್ಕೆಗಳಲ್ಲಿ ಬಂಗಡೆ, ತಾರ್ಲೆ, ಶೆಟ್ಲಿ (ಸಿಗಡಿ) ಇಳಿದ ಕೂಡಲೇ ಹರಾಜು. ಮೀನು ಹೆಚ್ಚು ಹೊತ್ತು ಕಾಯುವುದಿಲ್ಲ, ಆದ್ದರಿಂದ ಟೆಂಡರು ಒಪ್ಪದೆ ಇಟ್ಟುಕೊಳ್ಳುವ ಅಡಿಕೆಯವನ ಸ್ವಾತಂತ್ರ್ಯ ದೋಣಿಯವನಿಗಿಲ್ಲ. ದೋಣಿಗೆ ಬಲೆಗೆ ಮುಂಗಡ ಕೊಟ್ಟ ಕಮಿಷನ್ ವ್ಯಾಪಾರಿಯ ಹಿಡಿತ ಇಲ್ಲಿ ಗಟ್ಟಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ 61 ದಿನಗಳಲ್ಲಿ ಈ ಸಾಲ ಬೆಳೆಯುತ್ತದೆ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ, ಹೊನ್ನಾವರದ ಬಳಿ ಶರಾವತಿಯ ಮೇಲೆ ಎರಡು ಕಿಲೋಮೀಟರು ಮೀರಿದ ಸೇತುವೆ ನಿಂತರೂ ಮೀನಿನ ಗುಣ ನಿರ್ಧರಿಸುವುದು ದೋಣಿಯೊಳಗಿನ ಮಂಜುಗಡ್ಡೆಯೇ. 1997ರಲ್ಲಿ ಯುರೋಪಿನ ಒಕ್ಕೂಟ ಭಾರತದ ಮೀನನ್ನು ಕೆಲವು ತಿಂಗಳು ತಡೆದಾಗ ಸುಧಾರಣೆಯ ಹಣವೆಲ್ಲ ರಫ್ತು ಕಾರ್ಖಾನೆಯ ಗೋಡೆ, ನೆಲ, ನಲ್ಲಿಗಳಿಗೆ ಹೋಯಿತು. ಧಕ್ಕೆಗೆ ಬಂದದ್ದು ಕಡಿಮೆ.

ಅಘನಾಶಿನಿ ಅಳಿವೆಯ ಗಜನಿಗಳಲ್ಲಿ, ಎಂದರೆ ಒಡ್ಡು ಕಟ್ಟಿದ ಉಪ್ಪುನೀರಿನ ಗದ್ದೆಗಳಲ್ಲಿ, ಪ್ರಶ್ನೆ ಇನ್ನೂ ಜಟಿಲ. ಉಪ್ಪುನೀರಿನಲ್ಲೂ ಬೆಳೆಯುವ ಕಗ್ಗ ಭತ್ತ ಮಳೆಗಾಲಕ್ಕೆ, ಶೆಟ್ಲಿ ಉಳಿದ ಕಾಲಕ್ಕೆ. ಮಾಣಿಕಟ್ಟೆಯಂಥ ಊರುಗಳಲ್ಲಿ ಬಹಳ ಕಾಲದಿಂದ ನಡೆದುಬಂದ ಕ್ರಮವಿದು. ಶೆಟ್ಲಿಯ ಹಕ್ಕನ್ನು ಗುತ್ತಿಗೆಗೆ ಕೊಟ್ಟಲ್ಲಿ ಗುತ್ತಿಗೆದಾರನಿಗೆ ಒಡ್ಡು, ತೂಬಿನ ಚಿಂತೆಯಿಲ್ಲ, ಕಗ್ಗ ಹಿಂದೆ ಸರಿಯಿತು. 1990ರ ದಶಕದ ಮಧ್ಯದಲ್ಲಿ ಬಿಳಿಚುಕ್ಕೆ ರೋಗ ಶೆಟ್ಲಿ ಕೆರೆಗಳಿಗೆ ಬಿದ್ದಾಗ ಒಂದು ಸಂಗತಿ ತಿಳಿಯಿತು: ಎಲ್ಲರಿಗೂ ಒಂದೇ ನೀರು, ಒಬ್ಬನ ಕೆರೆಯ ರೋಗ ಪಕ್ಕದವನದ್ದೂ ಹೌದು. ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ ಅಡಿಯಲ್ಲಿ 2007ರಲ್ಲಿ ಆರಂಭವಾದ ಸುಸ್ಥಿರ ಜಲಕೃಷಿ ಕೇಂದ್ರ ಸಣ್ಣ ಬೆಳೆಗಾರರನ್ನು ಸಂಘಗಳಾಗಿ ಕೂಡಿಸುವ ದಾರಿ ಹಿಡಿದದ್ದು ಈ ತಿಳಿವಿನಿಂದಲೇ. ಮರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಒಟ್ಟಿಗೆ ಕೊಳ್ಳುವುದು, ಒಂದೇ ವಾರದಲ್ಲಿ ಎಲ್ಲರೂ ಬಿಡುವುದು, ರೋಗ ಕಂಡವನು ನೀರು ಹೊರಬಿಡುವ ಮೊದಲು ನೆರೆಯವರಿಗೆ ಹೇಳುವುದು ಅದರ ಕ್ರಮ. ವಿದೇಶದ ಗಿರಾಕಿಗೆ ಪ್ರತಿಜೈವಿಕದ ಶೇಷವಿಲ್ಲದ, ಯಾವ ಕೆರೆಯದ್ದೆಂದು ಗುರುತು ಸಿಗುವ ಶೆಟ್ಲಿ ಬೇಕು. ಆ ಗುರುತಿಗಾಗಿ ಕೆರೆಗಳ ನೋಂದಣಿ, ಮೇವಿನ ದಾಖಲೆ, ಮಾದರಿ ಪರೀಕ್ಷೆ ಎಲ್ಲವೂ ಬೆಳೆಗಾರನ ಕೆಲಸವಾಗಿವೆ. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಒಡ್ಡು, ತೂಬು ಮತ್ತು ನೀರಿನ ಬಳಕೆಯೂ ಇದೇ ಲೆಕ್ಕದೊಳಗೆ ಬರುತ್ತದೆ. ಪರೀಕ್ಷೆಯ ಮತ್ತು ದಾಖಲೆಯ ಖರ್ಚನ್ನು ರಫ್ತುದಾರ ದರದಲ್ಲಿ ಸೇರಿಸಿ ಕೊಡುವ ಕರಾರು ಆಗುವವರೆಗೆ ಅದು, 1863ರ ಹತ್ತಿ ಶುಲ್ಕದಂತೆ, ಕೆರೆಯವನ ಗಂಟಿನಿಂದಲೇ ಹೋಗುವ ಹಣ.